ಕಂಬಳಿಯ ಬಾಗಿಲು

ನಮ್ಮ ಪಿರಿಯಾಪಟ್ಟಣದ ಹಳೆಯ ಪೇಟೆಯಲ್ಲಿ ಎರಡು ಬೀದಿಗಳಿವೆ. ಅಲ್ಲಿ ಯಾರಾದರೂ ಮನೆಯ ಮುಂಭಾಗವನ್ನು ಬದಲಾಯಿಸಬೇಕಾದರೆ ಮೊದಲು, ಹಳೆಯ ಮುಖ ಉಳಿಸಲೆಂದು ಪುರಸಭೆ ನೇಮಿಸಿದ ಮೂವರಿಗೆ ತೋರಿಸಬೇಕು. ಕಂಬ ತೆಗೆಯುವುದಿರಲಿ, ಹೆಂಚು ಇಳಿಸಿ ತಾರಸಿ ಹಾಕುವುದಿರಲಿ, ಒಂದು ಕಿಟಕಿ ಮುಚ್ಚುವುದೇ ಇರಲಿ, ಈ ಮೂವರು ಬಂದು ನೋಡಿ ಹೂಂ ಅನ್ನಬೇಕು. ಒಬ್ಬರು ಎಂಜಿನಿಯರು. ಇನ್ನೊಬ್ಬರು ಮರದ ಅಂಗಡಿಯ ಸಾಹೇಬರು. ಮೂರನೆಯವಳು ನಾನು.

ನನ್ನನ್ನು ಸೇರಿಸಿಕೊಂಡದ್ದಕ್ಕೆ ಹೇಳಿದ ಕಾರಣ, ನಾನು ಇತಿಹಾಸದಲ್ಲಿ ಎಂ.ಎ. ಮಾಡಿದ್ದೇನೆ, ಕಾಲೇಜಿನಲ್ಲಿ ಪಾಠ ಹೇಳುತ್ತೇನೆ ಎಂಬುದು. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಕಾರಣ ಬೇರೆ ಇತ್ತು. ನಾನು ಹುಟ್ಟಿ ಬೆಳೆದದ್ದು ಅದೇ ಬೀದಿಯಲ್ಲಿ. ಪ್ರತಿ ಮನೆಯ ಮುಖವೂ ನನಗೆ ಬಾಯಿಪಾಠ ಎಂದುಕೊಂಡಿದ್ದೆ. ಈಗ ಅಷ್ಟು ಧೈರ್ಯವಾಗಿ ಹೇಳಲಾರೆ. ದಿನಾ ಡೈರಿ ಬರೆಯುವ ಅಭ್ಯಾಸ ನನಗಿದೆ, ಆದರೆ ಡೈರಿಯೂ ಅವತ್ತಿನ ಸಂಜೆಯ ನೆನಪೇ ತಾನೆ? ಬೆಳಗ್ಗೆ ಕಂಡದ್ದು ಸಂಜೆಯ ಹೊತ್ತಿಗೆ ಎಷ್ಟೋ ಸಲ ನನಗೆ ಬೇಕಾದ ಆಕಾರಕ್ಕೆ ಬಂದಿರುತ್ತದೆ.

ನಮ್ಮ ಕೆಲಸದ ರೀತಿ ಸರಳ. ಅರ್ಜಿಯ ಜೊತೆ ನಕ್ಷೆ ಬರುತ್ತದೆ. ಅದು ಬೀದಿಯವರಿಗೆ ಅರ್ಥವಾಗುವುದಿಲ್ಲ, ನಿಜ ಹೇಳಬೇಕೆಂದರೆ ನನಗೂ ಪೂರ್ತಿ ಆಗುವುದಿಲ್ಲ. ಅದಕ್ಕೇ ಸಾಹೇಬರು ಒಂದು ಪದ್ಧತಿ ಶುರು ಮಾಡಿದರು. ಏನು ಕಟ್ಟಬೇಕೆಂದಿದ್ದಾರೋ ಅದರ ಅಳತೆಗೆ ಸರಿಯಾಗಿ ಅಲ್ಲೇ ಬಟ್ಟೆ ಕಟ್ಟಿಸುವುದು. ಮೇಲಂತಸ್ತು ಎಬ್ಬಿಸುವವರು ಬೊಂಬು ನೆಟ್ಟು, ಹೊಗೆಸೊಪ್ಪಿನ ಸಸಿಮಡಿಗೆ ನೆರಳಿಗೆ ಕಟ್ಟುವ ಹಸಿರು ಬಲೆಯನ್ನು ಅಷ್ಟೆತ್ತರಕ್ಕೆ ಹಿಡಿಸಬೇಕು. ಗೋಡೆ ಒಡೆಯುವವರು ಒಡೆಯುವ ಜಾಗದಲ್ಲಿ ಕರಿ ಕಂಬಳಿ ಇಳಿಬಿಡಬೇಕು. ರಸ್ತೆಯ ಆಚೆ ಟೀ ಅಂಗಡಿಯ ಮುಂದೆ ನಿಂತು ನೋಡಿದರೆ ಕರಿ ಕಂಬಳಿ ತೆರೆದ ಬಾಗಿಲಿನ ಹಾಗೆಯೇ ಕಾಣುತ್ತದೆ. ಕೆಲವು ದಿನ ಅದು ಹಾಗೇ ಇರುತ್ತದೆ. ಬೀದಿಯೆಲ್ಲ ನೋಡಿ, ಬಾಯಿಗೆ ಬಂದದ್ದು ಆಡಿ, ಸುಸ್ತಾದ ಮೇಲೆ ನಾವು ತೀರ್ಮಾನ ಹೇಳುತ್ತೇವೆ.

ಅಣ್ಣತಮ್ಮಂದಿರಿಬ್ಬರ ಮನೆಯ ಅರ್ಜಿ ಬಂದಾಗ ಮಾತ್ರ ಕಂಬಳಿಯ ಮಾತೇ ಎತ್ತದೆ ಮುಗಿಸಿಬಿಡುವುದರಲ್ಲಿದ್ದೆವು.

ಅವರದು ಕಂಪಲಾಪುರದ ಕಡೆಯ ಒಕ್ಕಲು ಮನೆತನ. ಹಳ್ಳಿಯಲ್ಲಿ ಹೊಗೆಸೊಪ್ಪು, ರಾಗಿ, ಒಂದಿಷ್ಟು ಗದ್ದೆ. ಪೇಟೆಯಲ್ಲಿ ಅವರ ತಾತ ಕೊಂಡುಕೊಂಡ ಈ ಮನೆ. ಹಿಂದಿನ ವರ್ಷ ಪಾಲಾಗಿ, ಮನೆಯೊಳಗೆ ನಡುವೆ ಗೋಡೆ ಎದ್ದಿತ್ತು. ತಲೆಬಾಗಿಲು ಅಣ್ಣನ ಪಾಲಿಗೆ ಹೋಯಿತು. ತಮ್ಮನಿಗೆ ಬಂದದ್ದು ಬಲಗಡೆಯ ಭಾಗ, ಅಡುಗೆಮನೆ, ಹಿತ್ತಿಲ ಬಾಗಿಲು. ಬೀದಿಯ ಕಡೆಗೆ ತನಗೂ ಒಂದು ಬಾಗಿಲು ಬೇಕು ಎಂದು ತಮ್ಮ ಅರ್ಜಿ ಹಾಕಿದ್ದರು. ಜೊತೆಗಿದ್ದ ನಕ್ಷೆ ಯಾರೋ ಕಂಟ್ರಾಕ್ಟರು ಬರೆದುಕೊಟ್ಟದ್ದು. ಜಗಲಿ ಒಡೆದು ಎರಡು ರೆಕ್ಕೆಯ ಕಬ್ಬಿಣದ ಬಾಗಿಲು, ಸುತ್ತ ಫಳಫಳ ಹೊಳೆಯುವ ಗ್ರಾನೈಟು. ಅದನ್ನು ನೋಡಿಯೇ ನನಗೆ ಮೈ ಉರಿದಿತ್ತು.

ಪರಿಶೀಲನೆಗೆ ಹೋದ ದಿನ ಅಣ್ಣ ಜಗಲಿಯ ಮೇಲೆ ಚಾಪೆ ಹಾಸಿ ಕಾಯುತ್ತಿದ್ದರು. ಕಾಫಿ ಬಂತು, ನಿಪ್ಪಟ್ಟು ಬಂತು. ತಮಗೆ ಬಂದ ಎಡಗಡೆಯ ಭಾಗಕ್ಕೆ ಅವರು ಆಗಲೇ ತಿಳಿನೀಲಿ ಬಣ್ಣ ಹೊಡೆಸಿದ್ದರು. ನಾಲ್ಕು ಕಂಬಗಳಲ್ಲಿ ಮೂರನೆಯದು ಇಬ್ಬರ ಗಡಿ. ಅದಕ್ಕೆ ಎಡಗಡೆ ಅರ್ಧ ಮಾತ್ರ ನೀಲಿ ಬಳಿದು, ದಾರ ಹಿಡಿದ ಹಾಗೆ ನಿಲ್ಲಿಸಿದ್ದರು. ಉಳಿದರ್ಧ ಹಳೆಯ ಮಾಸಲು ಹಸಿರು.

"ನೋಡಿ ಮೇಡಮ್ಮೋರೆ, ನಮ್ ತಾತುನ್ ಕಾಲದ್ದು. ಕಣ್ಣು ಮೂಗು ಬಾಯಿ ಎಲ್ಲಾ ನೆಟ್ಟುಗದೆ. ಪಕ್ಕದಲ್ಲಿ ಇನ್ನೊಂದು ಬಾಯಿ ಕುಯ್ದ್ರೆ ಎಂಗಿರ್ತದೆ, ನೀವೇ ಯೋಳಿ" ಎಂದರು.

"ನಿಮ್ಮ ತಮ್ಮ ಏನಂತಾರೆ?" ಎಂದು ಎಂಜಿನಿಯರು ಕೇಳಿದರು.

"ಅವ್ನೇನಂದಾನು ಸಾರ್? ನಮ್ ಬಾಗ್ಲಲ್ಲೇ ಓಡಾಡ್ಕೊ ಅಂತ ನಾನೇ ಅಂದಿವ್ನಿ. ನಾವೇನ್ ಬ್ಯಾರೆಯೋರಾ?"

ತಮ್ಮ ಕಾಣಲಿಲ್ಲ. ಹೊಲದ ಕಡೆ ಹೋಗಿರಬೇಕು ಎಂದುಕೊಂಡೆವು. ಅಣ್ಣ ಲೋಟ ಇಡಲು ಒಳಗೆ ಹೋದಾಗ ಸಾಹೇಬರು ಮೀಸೆಯಡಿ ನಕ್ಕರು. "ಹೋದ ವರ್ಷ ಇವರೇ ನನ್ನ ಅಂಗಡಿಗೆ ಬಂದಿದ್ದರು ಮೇಡಮ್. ಈ ನಾಲ್ಕು ಕಂಬ ಕಿತ್ತು ಕೊಟ್ಟರೆ ತಗೊಳ್ತೀರಾ ಅಂತ. ಈಗ ನೋಡಿ, ತಾತನ ಮೇಲೆ ಬಿಲ್ಕುಲ್ ಪ್ರೀತಿ ಉಕ್ಕಿಬಿಟ್ಟಿದೆ!"

ನಕ್ಕೆವು. ಆದರೂ ಅಣ್ಣ ಹೇಳಿದ್ದರಲ್ಲಿ ತಪ್ಪು ಕಾಣಲಿಲ್ಲ. ನಡುವೆ ಬಾಗಿಲು, ಆ ಕಡೆ ಈ ಕಡೆ ಸಮಸಮವಾಗಿ ಮರದ ಸರಳಿನ ಕಿಟಕಿಗಳು: ನನ್ನ ಬಾಲ್ಯದಿಂದ ನಾನು ಮೆಚ್ಚಿದ ಮುಖ ಅದು. ಅರ್ಜಿ ತಿರಸ್ಕರಿಸುವುದು ಎಂದು ಮೂವರೂ ಒಪ್ಪಿದೆವು. ಕಾರಣಗಳನ್ನು ಬರೆಯುವ ಕೆಲಸ ನನಗೆ ಬಂತು. ಆ ಸಂಜೆ ಡೈರಿಯಲ್ಲಿ, "ಒಂದು ಒಳ್ಳೆಯ ಮುಖ ಉಳಿಯಿತು" ಎಂದು ಬರೆದುಕೊಂಡೆ.

ಆ ಭಾನುವಾರ ನಾನು ಹಿತ್ತಿಲಲ್ಲಿ ಬಟ್ಟೆ ಒಣಗಿಹಾಕುತ್ತಿದ್ದಾಗ ಬೇಲಿಯ ಆಚೆಯಿಂದ ಯಾರೋ "ಮೇಡಮ್ಮೋರೆ" ಎಂದರು. ತಮ್ಮನ ಹೆಂಡತಿ. ಮುಖ ಪರಿಚಯವಿತ್ತು, ಮಾತಾಡಿಸಿದ್ದು ಕಡಿಮೆ. ಮುಂದಿನ ಬಾಗಿಲಿಗೆ ಬರಬಾರದಿತ್ತೇ ಎಂದೆ.

"ಇತ್ಲಿಂದ ಓಡಾಡಿ ಓಡಾಡಿ ಕಾಲೇ ಇಂಗೆ ಬತ್ತವೆ ಕಣಮ್ಮ" ಎಂದು ನಕ್ಕರು. ಒಳಗೆ ಕರೆದರೆ ಬರಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು ನೇರವಾಗಿ ಕೇಳಿದರು: "ನೀವು ಬಂದ್ರಂತೆ, ನೋಡುದ್ರಂತೆ, ಕಾಪಿ ಕುಡುದ್ರಂತೆ. ನಮ್ಮನೆಗೆ ಯಾವಾಗ ಬಂದಿದ್ರಿ?"

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಪರಿಶೀಲನೆಗೆ ಬರುತ್ತೇವೆ ಎಂಬ ನಮ್ಮ ನೋಟೀಸನ್ನು ತಂದವನು ಬೀದಿಯಲ್ಲಿ ನಿಂತು ಮನೆ ನೋಡಿದ್ದಾನೆ. ಬಾಗಿಲು ಒಂದೇ. ಆ ಬಾಗಿಲಲ್ಲಿ ಕೊಟ್ಟು ಹೋಗಿದ್ದಾನೆ.

"ನಮ್ ಬಾವೋರು ಬಚ್ಚಿಟ್ರು ಅಂತ ನಾನನ್ನಕ್ಕಿಲ್ಲ. ಕೇಳ್ದಾಗ ಕೊಟ್ರು. ಅಷ್ಟೊತ್ಗೆ ನೀವು ಬಂದು ಓಗಾಗಿತ್ತು."

ಆಮೇಲೆ ಹೇಳಿದ ಮಾತುಗಳನ್ನು ಆದಷ್ಟು ಹಾಗೆಯೇ ಬರೆದಿಟ್ಟುಕೊಂಡಿದ್ದೇನೆ. ಅವರು ಹೋದ ಕೂಡಲೇ ಬರೆದದ್ದರಿಂದ ಹೆಚ್ಚು ಕೆಟ್ಟಿರಲಾರದು.

"ಪಾಲಾಗಿ ಒಂದು ಸುಗ್ಗಿ ಕಳೀತು ಕಣಮ್ಮ. ಒಂದೇ ಒಂದು ಲಗ್ನಪತ್ರಿಕೆ ನಮ್ಮನೆಗೆ ಬಂದಿಲ್ಲ. ಬಾಗ್ಲಿಗೊಂದು ಕೊಟ್ಟೋಯ್ತಾರೆ, ಬಾಗ್ಲು ಅವರ್ದು. ಕರೀದೆ ಓದ್ರೆ ನಮ್ಮಕ್ಕ ನಗ್ತಾಳೆ. ಓಗ್ದಿದ್ರೆ, ಪಾಲಾದೇಟ್ಗೆ ನೆಂಟ್ರು ಬ್ಯಾಡ್ವಾದ್ರಾ ಅಂತಾರೆ. ಬೀದಿ ದೇವ್ರ ಪೂಜೆಗೆ ವಂತಿಗೆ ಎತ್ತೋರೂ ಬರಾಕಿಲ್ಲ. ಒಳ್ಳೇದಾಯ್ತು, ಉಳೀತು ಬುಡು ಅಂತಾರೆ ನಮ್ ಯಜಮಾನ್ರು. ನಂಗೆ ಅದು ಉಳೀಬಾರ್ದು ಕಣಮ್ಮ. ನನ್ ತಾವೂ ಬಂದು ಕೇಳ್ಬೇಕು."

ಅಕ್ಕ ಎಂದರೆ ಅವರ ಓರಗಿತ್ತಿ, ಅಣ್ಣನ ಹೆಂಡತಿ. ಹೊರಗಿನವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ನಮ್ಮ ಕಡೆ ಲಗ್ನಪತ್ರಿಕೆಯನ್ನು ಅಂಚೆಯಲ್ಲಿ ಕಳಿಸಿದರೆ ಕರೆದ ಹಾಗಲ್ಲ, ಫೋನಿನಲ್ಲಿ ಕಳಿಸಿದರೆ ಕೇಳುವುದೇ ಬೇಡ. ಬಾಗಿಲಿಗೆ ಬಂದು, ಕುಂಕುಮ ಇಟ್ಟು, ಅಕ್ಷತೆಯ ಜೊತೆ ಕೈಗೆ ಕೊಡಬೇಕು. ಊರು ಮನೆಗಳನ್ನು ಎಣಿಸುವುದು ಬಾಗಿಲುಗಳಿಂದ. ಒಲೆ ಬೇರೆಯಾಗಿ, ಪಡಿತರ ಚೀಟಿ ಬೇರೆಯಾಗಿ, ಪಹಣಿ ಬೇರೆಯಾಗಿದ್ದರೂ, ಬೀದಿಗೆ ಒಂದು ಬಾಗಿಲಿಲ್ಲದ ಈ ಹೆಂಗಸಿಗೆ ಊರಿನ ಲೆಕ್ಕದಲ್ಲಿ ಮನೆಯೇ ಇರಲಿಲ್ಲ. ಪರಂಪರೆಯ ಬೀದಿಯನ್ನು ಕಾಯಲು ಹೊರಟ ನಾವೂ ಬಾಗಿಲನ್ನೇ ಎಣಿಸಿ, ಎದುರಿಗೆ ಸಿಕ್ಕವರನ್ನೇ ಯಜಮಾನರೆಂದುಕೊಂಡು, ಕಾಫಿ ಕುಡಿದು ಬಂದಿದ್ದೆವು. ಈ ಬೀದಿಯಲ್ಲೇ ಬೆಳೆದವರು ಮಾತ್ರ ಮಾಡಬಹುದಾದ ತಪ್ಪು ಅದು. ಹೊರಗಿನವನಾಗಿದ್ದರೆ ಮನೆ ನಂಬರು ನೋಡುತ್ತಿದ್ದ.

ಕಾರಣಗಳ ಪತ್ರ ಇನ್ನೂ ನನ್ನ ಬಳಿಯೇ ಇತ್ತು. ಆಗಲೇ ಸಾಹೇಬರಿಗೂ ಎಂಜಿನಿಯರಿಗೂ ಫೋನು ಮಾಡಿ, ಮತ್ತೆ ನೋಡಬೇಕು ಎಂದೆ. ಇಬ್ಬರೂ ಸರಿ ಎಂದರು.

ಆದರೆ ಮತ್ತೆ ನೋಡುವುದೆಂದರೆ ಒಪ್ಪಿಬಿಡುವುದಲ್ಲ. ಆ ಹೆಂಗಸಿನ ಕಷ್ಟ ನಿಜ, ಆ ಮುಖದ ಅಂದವೂ ನಿಜ. ಹೀಗೆಂದುಕೊಂಡು ಎಂಜಿನಿಯರ ಜೊತೆ ಟೇಪು ಹಿಡಿದು ಹೋದೆ. ಅಳೆದಾಗ, ತಲೆಬಾಗಿಲು ನಡುವೆ ಇರಲೇ ಇಲ್ಲ. ಸಾಕಷ್ಟು ಎಡಕ್ಕಿತ್ತು. ಬಲಗಡೆಯ ಗೋಡೆ ಅಗಲ, ಆ ಕಡೆಯ ಕಿಟಕಿಯೂ ಅಗಲ. ಇಷ್ಟು ವರ್ಷ ದಿನವೂ ನೋಡಿದ ಬಾಗಿಲನ್ನು ನನ್ನ ತಲೆ ತಂದು ನಡುವೆ ನಿಲ್ಲಿಸಿಕೊಂಡಿತ್ತು. ಎಂಜಿನಿಯರು ಟೇಪು ಸುತ್ತಿದರು. ನನಗೆ ನಗು ಬಂತು. ಸರಿಸಮ ಎನ್ನುವ ನನ್ನ ವಾದ ಅಲ್ಲಿಗೆ ಮುಗಿದಿತ್ತು.

ಅಣ್ಣ ಬಿಡಲಿಲ್ಲ. ಈ ಗೋಡೆಯಲ್ಲಿ ಯಾವ ಕಾಲಕ್ಕೂ ಎರಡನೆಯ ಬಾಗಿಲು ಇರಲಿಲ್ಲ, ಬೇಕಾದರೆ ಫೋಟೋ ನೋಡಿ ಎಂದು ಮನೆಯ ಆಲ್ಬಮ್ಮುಗಳನ್ನೆಲ್ಲ ಜಗಲಿಗೆ ತಂದು ಸುರಿದರು. ನಾವು ಒಂದೊಂದಾಗಿ ತಿರುವಿದೆವು. ಅವರಪ್ಪನ ಮದುವೆ, ಅತ್ತೆಯರ ಮದುವೆ, ಅವರದೇ ಮದುವೆ. ಎಲ್ಲದರಲ್ಲೂ ಮನೆಯ ಮುಂದೆ ಚಪ್ಪರ. ತೆಂಗಿನ ಗರಿ, ಬಾಳೆಕಂಬ, ಮಾವಿನ ಸೊಪ್ಪು, ಸಾಲಾಗಿ ನಿಂತ ನೆಂಟರು. ಬಲಗಡೆಯ ಗೋಡೆ ಒಂದರಲ್ಲೂ ಕಾಣಲಿಲ್ಲ. ನಮ್ಮ ಜನ ಮನೆಯ ಫೋಟೋ ತೆಗೆಸುವುದು ಅದನ್ನು ಪೂರ್ತಿ ಮುಚ್ಚಿದ ದಿನ ಮಾತ್ರ.

"ಬಾಳೆ ಗೊನೆ ಭರ್ಜರಿ ಇದೆ" ಎಂದರು ಸಾಹೇಬರು.

ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಹಳೆಯ ಕಾಲದಲ್ಲಿ ಅಲ್ಲಿ ಬಾಗಿಲು ಇತ್ತು ಎಂದು ಸಾಬೀತಾಗಿದ್ದರೆ ನಾವು ಯೋಚಿಸದೆ ಹೂಂ ಅನ್ನುತ್ತಿದ್ದೆವು, ಇರಲಿಲ್ಲ ಎಂದಾಗಿದ್ದರೆ ಯೋಚಿಸದೆ ಉಹೂಂ. ಈಗ ಇವತ್ತಿನ ಮನೆಯನ್ನು ಇವತ್ತಿನ ಕಣ್ಣಿನಿಂದ ನೋಡಲೇಬೇಕಾಯಿತು. ಎಂಜಿನಿಯರು ಒಂದು ದಾರಿ ಸೂಚಿಸಿದರು. ಹಳೆಯ ಮಣ್ಣಿನ ಗೋಡೆ. ಹೊಸದಾಗಿ ಒಡೆದರೆ ಮೇಲಿನ ಭಾರ ತಡೆಯುವುದಿಲ್ಲ. ಆದರೆ ಬಲಗಡೆಯ ಕಿಟಕಿಯ ಮೇಲೆ ಆಗಲೇ ದಪ್ಪನೆಯ ತೊಲೆ ಕೂತಿದೆ. ಆ ಕಿಟಕಿಯನ್ನೇ, ಅಗಲ ಬದಲಾಯಿಸದೆ, ಕೆಳಗೆ ಜಗಲಿಯವರೆಗೆ ಇಳಿಸಿದರೆ ಬಾಗಿಲಾಗುತ್ತದೆ. ಕಬ್ಬಿಣ ಬೇಡ, ಗ್ರಾನೈಟು ಬೇಡ, ಜಗಲಿಯನ್ನೂ ಒಡೆಯಬೇಕಿಲ್ಲ; ಮುಂದೆ ಹತ್ತಲು ಒಂದು ಕಲ್ಲು ಇಟ್ಟರೆ ಸಾಕು.

ತಮ್ಮ ಒಪ್ಪಿದರು. ಅವರು ಮಾತು ಕಡಿಮೆಯ ಮನುಷ್ಯ. "ಗ್ರಾನೇಟು ಕಂಟ್ರಾಕ್ಟರುದು ಸಾರ್, ನಂದಲ್ಲ" ಎಂದಷ್ಟೇ ಹೇಳಿ, ಕಿಟಕಿಯ ನೆತ್ತಿಯಿಂದ ಜಗಲಿಯವರೆಗೆ ಕರಿ ಕಂಬಳಿ ಇಳಿಬಿಟ್ಟರು.

ಬೀದಿಯ ಮಾತು ಎಂದಿನಂತೆ ಎರಡು ಕಡೆಗೂ ಹೋಯಿತು. ಚೆನ್ನಾಗಿದೆ ಅಂದರು, ಹಲ್ಲು ಬಿದ್ದ ಹಾಗಿದೆ ಅಂದರು. ಟೀ ಅಂಗಡಿಯವನು, "ಒಳಗೇನು ಸಿನಿಮಾ ತೋರಿಸ್ತಾ ಅವ್ರಾ?" ಎಂದು ಹೋಗಿ ಬರುವವರನ್ನೆಲ್ಲ ನಗಿಸಿದ. ಅಣ್ಣ ದಿನವೂ ತನ್ನ ಕಡೆಯ ಜಗಲಿಯಲ್ಲಿ ಕಂಬಳಿಗೆ ಬೆನ್ನು ಹಾಕಿ ಪೇಪರು ಓದಿದರು. ನಾನು ಕಾಲೇಜಿಗೆ ಹೋಗುವಾಗ ಬರುವಾಗ ಟೀ ಅಂಗಡಿಯ ಮುಂದೆ ನಿಂತು ನೋಡುತ್ತಿದ್ದೆ. ಒಂದು ದಿನ ಸರಿ ಅನ್ನಿಸುತ್ತಿತ್ತು, ಮರುದಿನ ಏನೋ ಕೆಟ್ಟಿತು ಅನ್ನಿಸುತ್ತಿತ್ತು.

ಆಗ ಎಚ್.ಡಿ.ಕೋಟೆ ಕಡೆಯಿಂದ ಅಣ್ಣತಮ್ಮಂದಿರ ನೆಂಟರಲ್ಲಿ ಒಬ್ಬ ಹಿರಿಯರು ಬಂದರು. ನಾನೂ ಸಾಹೇಬರೂ ಟೀ ಹಿಡಿದು ನಿಂತಿದ್ದೆವು. ಅವರ ತಲೆಗೆ ಬಿಳಿ ವಲ್ಲಿಬಟ್ಟೆ ಸುತ್ತಿತ್ತು ಎಂದು ನನ್ನ ನೆನಪು, ಕೊಡೆ ಬಿಟ್ಟರೆ ಏನೂ ಇರಲಿಲ್ಲ ಎಂದು ಸಾಹೇಬರದು. ಕಂಕುಳಲ್ಲಿ ಚೀಲ ಇದ್ದದ್ದಂತೂ ನಿಜ. ಅಣ್ಣನ ಬಾಗಿಲಿಗೆ ಹೋಗಿ ಕುಂಕುಮ ಇಟ್ಟು ಲಗ್ನಪತ್ರಿಕೆ ಕೊಟ್ಟರು, ನೀರು ಕುಡಿದರು. ಕೆಳಗಿಳಿದು ಬಂದವರು ಮುಂದೆ ಕಂಬಳಿಯನ್ನು ಕಂಡು ನಿಂತರು. ಚೀಲಕ್ಕೆ ಕೈ ಹಾಕಿ ಇನ್ನೊಂದು ಪತ್ರಿಕೆ ತೆಗೆದರು.

"ಯಾರವ್ವಾ ಒಳ್ಗೆ?" ಎಂದು ಕಂಬಳಿಗೆ ಕೂಗಿದರು.

ಅಣ್ಣ ಪೇಪರು ಕೆಳಗಿಟ್ಟರು. "ಅದು ಕಂಬ್ಳಿ ಕಣಣ್ಣೋ. ಬಾಗ್ಲಲ್ಲ."

"ಕಂಬ್ಳಿ ಅಂತ ಕಾಣ್ತದೆ ಬುಡ್ಲಾ, ನಂಗೇನ್ ಕಣ್ಣಿಲ್ವಾ? ಇಂದ್ಗಡೆ ಮನೆ ಅದೆ ತಾನೆ?"

ಅಷ್ಟರಲ್ಲಿ ಕಂಬಳಿಯೇ ಮಾತಾಡಿತು. "ಇದೀನಿ ಅಣ್ಣ, ನಿಂತ್ಕಳಿ, ಬಂದೆ!"

"ಕಿಟ್ಕಿಲೇ ಕೈ ಚಾಚವ್ವಾ, ನಂಗೆ ಬಸ್ಸದೆ" ಎಂದರು ಹಿರಿಯರು.

"ಉಹೂಂ. ಕಿಟ್ಕಿಲಿ ಈಸ್ಕಳಲ್ಲ. ಬಸ್ ಓದ್ರೆ ಇನ್ನೊಂದ್ ಬತ್ತದೆ, ನಿಂತ್ಕಳಿ!"

ಅವರ ಹಿತ್ತಿಲಿನಿಂದ ಬೀದಿಗೆ ಬರಬೇಕಾದರೆ ಹಿಂದಿನ ಓಣಿಯಲ್ಲಿ ಹೋಗಿ, ಹಿಟ್ಟಿನ ಗಿರಣಿಯ ಮೂಲೆ ಸುತ್ತಿಕೊಂಡು ಬರಬೇಕು. ಹಿರಿಯರು ಕೊಡೆ ಊರಿಕೊಂಡು ಕಾದರು. ಅಣ್ಣ ಒಂದೆರಡು ಸಲ ಕೆಮ್ಮಿದರು. ತಮ್ಮನ ಹೆಂಡತಿ ಮೂಲೆ ತಿರುಗಿ ಬಂದರು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಏದುಸಿರು ಬಿಡುತ್ತ, ಕೈಯಲ್ಲಿ ತಟ್ಟೆ. ಜಗಲಿ ಹತ್ತಿ, ಕಂಬಳಿಯ ಮುಂದೆ ನಿಂತು, ತಟ್ಟೆ ಕೆಳಗಿಟ್ಟು, ಸೆರಗು ಸರಿ ಮಾಡಿಕೊಂಡು, ಕುಂಕುಮ ಇಡಿಸಿಕೊಂಡು, ಪತ್ರಿಕೆಯನ್ನು ಎರಡೂ ಕೈಯಲ್ಲಿ ಈಸಿಕೊಂಡು ಕಣ್ಣಿಗೊತ್ತಿಕೊಂಡರು.

"ಎಲ್ರೂ ಬರ್ಬೇಕು ಕಣವ್ವ. ಇಡೀ ಮನೆ."

"ಬತ್ತೀವಿ ಅಣ್ಣ. ಇಡೀ ಮನೆ ಬತ್ತೀವಿ."

ಸಾಹೇಬರು ಟೀ ಲೋಟ ಕೆಳಗಿಟ್ಟು ನನ್ನ ಕಡೆ ನೋಡಿದರು. "ಇನ್ನೇನು ನೋಡೋದಿದೆ ಮೇಡಮ್?"

ನನಗೆ ಅಷ್ಟು ಬೇಗ ಒಪ್ಪುವುದು ಬೇಕಿರಲಿಲ್ಲ. ಕಣ್ಣು ತುಂಬಿದಾಗ ಮಾಡುವ ತೀರ್ಮಾನದ ಮೇಲೆ ನನಗೆ ಅನುಮಾನ. ಮನೆಗೆ ಹೋಗಿ ಡೈರಿ ತೆಗೆಯದೆ, ಬರೀ ಬಿಳಿ ಹಾಳೆಯ ಮೇಲೆ ಆ ಮುಖವನ್ನು ಅಳತೆಯ ಪ್ರಕಾರ ಬರೆದು ನೋಡಿದೆ. ನೆನಪಿನಿಂದಲ್ಲ, ಟೇಪಿನ ಅಂಕಿಗಳಿಂದ. ಎಡಕ್ಕೆ ಹಳೆಯ ಕೆತ್ತನೆಯ ಬಾಗಿಲು, ಬಲಕ್ಕೆ ಕೆತ್ತನೆಯಿಲ್ಲದ, ತಗ್ಗಾದ, ಸಾದಾ ಬಾಗಿಲು. ಎರಡಕ್ಕೂ ಒಂದೇ ಹೆಂಚಿನ ಸೂರು, ಒಂದೇ ಜಗಲಿ. ಯಾರು ನೋಡಿದರೂ ಯಾವುದು ಹಳೆಯದು, ಯಾವುದು ಆಮೇಲಿನದು ಎಂದು ತಿಳಿಯುತ್ತದೆ. ಒಂದು ಮನೆ ಎರಡಾದದ್ದು ಸುಳ್ಳಲ್ಲ. ಅದನ್ನು ಮನೆಯ ಮುಖ ಮುಚ್ಚಿಡಬೇಕಾಗಿಯೂ ಇಲ್ಲ. ಬೀದಿಯನ್ನು ನಾವು ಕಾಯುವುದು ಅಲ್ಲಿ ಮನೆಗಳಿವೆ ಎಂದು. ಮನೆಯೊಂದನ್ನು ಬೀದಿಯಿಂದ ಅಳಿಸಿ ಉಳಿಸಿಕೊಳ್ಳುವ ಅಂದ ನನಗೆ ಬೇಡವೆನಿಸಿತು. ಆ ಹಿರಿಯರು ಬಾರದೇ ಇದ್ದಿದ್ದರೂ ನಾನು ಇಲ್ಲಿಗೇ ಬರುತ್ತಿದ್ದೆ ಎಂದು ಹೇಳಿಕೊಳ್ಳುತ್ತೇನೆ. ಸಾಹೇಬರು ನಂಬುವುದಿಲ್ಲ. ಹೇಗೆ ಬಂದರೂ ತೀರ್ಮಾನ ಸರಿಯಾಗಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಮೂವರೂ ಸಹಿ ಹಾಕಿದೆವು. ಬಾಗಿಲು ಕಿಟಕಿಯಷ್ಟೇ ಅಗಲ, ಮರದ್ದೇ ಆಗಬೇಕು, ಕೆತ್ತನೆ ಕೂಡದು, ಜಗಲಿ ಮುಟ್ಟಕೂಡದು. "ಚೌಕಟ್ಟು ನನ್ನ ಅಂಗಡಿಯಿಂದ ತರಬಾರದು ಅಂತಲೂ ಬರೀರಿ, ಆಮೇಲೆ ಇವರಣ್ಣ ಅದಕ್ಕೂ ಹೆಸರಿಡ್ತಾರೆ" ಎಂದರು ಸಾಹೇಬರು. ಅದನ್ನೂ ಬರೆದೆವು. ತಮ್ಮ ಚೌಕಟ್ಟನ್ನು ಹುಣಸೂರಿನಿಂದ ತಂದರು.

ಅಣ್ಣನಿಗೆ ವಿಷಯ ತಿಳಿಸಲು ನಾನೇ ಹೋದೆ. ಅವರು ಕೂಗಾಡಬಹುದು ಎಂದುಕೊಂಡಿದ್ದೆ. ಮೂರನೆಯ ಕಂಬದ ಕಡೆ ನೋಡಿದರು. "ನಂದ್ಕಿಂತ ತಗ್ಗಾಗಿರ್ತದೆ ತಾನೆ?" ಎಂದು ಕೇಳಿದರು. ಹೌದು ಎಂದೆ. "ಅಂಗಾದ್ರೆ ಸರಿ ಬುಡಿ" ಎಂದರು.

ಬಾಗಿಲು ಕೂರಿಸಿದ ದಿನ ಪೂಜೆಗೆ ನಮ್ಮನ್ನೂ ಕರೆದಿದ್ದರು. ಹೊಸ್ತಿಲಿಗೆ ಅರಿಶಿನ ಕುಂಕುಮ, ಮೇಲೆ ಮಾವಿನ ತೋರಣ, ಮುಂದೆ ರಂಗೋಲಿ. ಪೂಜೆ ಮುಗಿದ ಮೇಲೆ ಒಂದು ಗೊಂದಲ ಹುಟ್ಟಿತು. ಹೊಸ ಬಾಗಿಲಿಂದ ಮೊದಲು ಒಳಗೆ ಹೋಗುವವರು ಯಾರು? ಮನೆಯವರು ಆಗಲೇ ಒಳಗಿದ್ದಾರೆ. ಹೊರಗೆ ಹೋಗಿ ಮತ್ತೆ ಬರಬೇಕೇ, ಬರುವುದಾದರೆ ಹಿತ್ತಿಲಿಂದ ಸುತ್ತಿ ಬರಬೇಕೇ ಎಂದು ಹಿರಿಯ ಹೆಂಗಸರು ಚರ್ಚೆಗಿಳಿದರು. ಒಬ್ಬರು ಹಸುವನ್ನು ಕರೆತರಲು ಹೇಳಿದರು, ಇನ್ನೊಬ್ಬರು ಜಗಲಿ ಹತ್ತಿಸುವುದು ಹೇಗೆ ಎಂದು ಕೇಳಿದರು. ಮಾತು ಬೆಳೆಯುತ್ತಲೇ ಇತ್ತು.

ಒಳಗೆ ಕೂತಿದ್ದ ತಮ್ಮನ ಹೆಂಡತಿ ಎದ್ದು ಹೋದರು. ಸ್ವಲ್ಪ ಹೊತ್ತಿಗೆ ಅಡುಗೆಮನೆಯ ಕಡೆಯಿಂದ ಬಂದು, ಹೊಸ ಬಾಗಿಲಿನ ಹೊಸ್ತಿಲು ತುಳಿಯದಂತೆ ದಾಟಿ, ಹೊರಗೆ ಕಾಲಿಟ್ಟರು. ಕೈಯಲ್ಲಿ ಬಟ್ಟೆಯ ಚೀಲ. ಜಗಲಿಯ ಮೇಲೆ ನಿಂತು ಬೀದಿಯನ್ನು ಒಮ್ಮೆ ಆ ತುದಿಗೆ, ಒಮ್ಮೆ ಈ ತುದಿಗೆ ನೋಡಿದರು.

ಪಕ್ಕದ ಜಗಲಿಯಿಂದ ಅಣ್ಣ ಕೇಳಿದರು, "ಪೂಜೆ ಮಡಿಕ್ಕೊಂಡು ಎಲ್ಗವ್ವಾ ಒಂಟೆ?"

"ಕೊತ್ತುಂಬ್ರಿ ಸೊಪ್ಪು ಸಾಲ್ದು ಬಾವ, ತತ್ತೀನಿ. ನಿಮ್ಮನ್ಗೂ ಬೇಕಾ?"

"ಒಂದ್ ಕಟ್ಟು ತಾ" ಎಂದರು ಅಣ್ಣ.

ಆಕೆ ಕಲ್ಲಿನ ಮೇಲೆ ಕಾಲಿಟ್ಟು ಬೀದಿಗಿಳಿದು ನಡೆದರು.